ಒಂದು ಗೇಣು

ಲೋಕಾಪುರ ದಾಟಿದ ಮ್ಯಾಲ, ರಸ್ತೆಯ ಎಡಕ್ಕ
ನಮ್ಮ ಸುಣ್ಣಗಲ್ಲಿನ ಗಣಿ.
ಮೂರು ವರ್ಷ ಆತು, ಅಲ್ಲಿ ಢಂ ಅಂದಿಲ್ಲ.

ಮೊದಲೆಲ್ಲ ಮಧ್ಯಾಹ್ನ ಒಂದಕ್ಕ ಮದ್ದು ಹಾರತಿತ್ತು.
ಸೀಟಿ, ಕೆಂಪು ಬಾವುಟ,
ಆಮ್ಯಾಲ ನೆಲದ ಒಳಗಿಂದ ಒಂದು ಗುದ್ದು.
ಮಾಡದಾಗಿನ ತಾಟು ಒಂದಕ್ಕೊಂದು ಬಡಕೊಂಡು
ಊರಿಗೆಲ್ಲ ಊಟದ ಹೊತ್ತು ಹೇಳತಿದ್ದವು.
ಅವ್ವ ಆ ಸಪ್ಪಳಕ್ಕ ಒಲಿ ಹಚ್ಚತಿದ್ದಳು.
ಈಗ ಗಡಿಯಾರಕ್ಕ ಸೆಲ್ ತರಬೇಕಂತ ಬೈತಾಳ,
ಯಾರಿಗೆ ಬೈತಾಳೋ ಗೊತ್ತಿಲ್ಲ.

ಈಗ ಮಷೀನ್ ಬಂದೈತಿ.
ಹೊಟ್ಟಿ ಕೆಳಗ ಒಂದು ಉರುಳಿ, ಉರುಳಿ ತುಂಬ ಹಲ್ಲು.
ಎಣಿಸೀನಿ, ಎಪ್ಪತ್ತಾರು.
ಬಂಡಿ ಒಡಿಯೂದಿಲ್ಲ ಅದು, ಕೆರಿತೈತಿ,
ಬಾಣಲಿ ತಳದಿಂದ ಖೋವಾ ಕೆರದಂಗ.

ಬೌರವ್ವ ಮ್ಯಾಲ ಗಾಜಿನ ಗೂಡಿನಾಗ ಕುಂತು
ಪರದಿ ಮ್ಯಾಲ ಬೆರಳಿಟ್ಟು ಆಳ ಹೇಳತಾಳ:
ಇಪ್ಪತ್ತೆರಡು ಸೆಂಟಿಮೀಟರ್.
ಅಷ್ಟ. ಮುಂದ ಅದಾ ನೋಡಕೋತೈತಿ.
ದಿಬ್ಬ ಬಂದರ ಇಷ್ಟು ಇಳಿದು, ತಗ್ಗು ಬಂದರ ಇಷ್ಟು ಎದ್ದು,
ಆಕಾಶದಾಗಿನ ಉಪಗ್ರಹ ಕೇಳಿ ಗೆರಿ ಹಿಡಿದು.
ನಡುವ ಕರಿಮಣ್ಣಿನ ಪದರ ಹತ್ತಿತೋ,
ಅದನ್ನ ಬ್ಯಾರೆ ಲಾರಿಗೆ.
ಮೊದಲು ಎಲ್ಲಾ ಕೂಡೇ ಹಾರತಿತ್ತು,
ಕಲ್ಲು, ಮಣ್ಣು, ಒಂದೊಂದು ಸಲ ಮನಿಷಾನ ಬೆರಳು.

ಬೆರಳು ಯಂಕಪ್ಪ ಬಂಡಿವಡ್ಡರನದು. ಬಲಗೈಯ ಕಿರುಬೆರಳು.
ಮೂವತ್ತು ವರ್ಷ ಮದ್ದು ತುಂಬಿದವ,
ಬಂಡಿಗೆ ಸುತ್ತಿಗಿಯಿಂದ ಒಂದ ಏಟು ಹಾಕಿ
ಎಲ್ಲಿ ಬಿರೀತೈತಿ ಹೇಳತಿದ್ದವ.
ನಾ ಕೆಲಸಕ್ಕ ಸೇರಿದ ದಿನ ಅಂದಿದ್ದ:
"ಮೊದಲು ನಿನ್ನ ಗೇಣು ಎಷ್ಟು, ಅಳದು ಇಟಕೋ.
ಟೇಪು ಮನ್ಯಾಗ ಬಿಟ್ಟು ಬರತೀ.
ಕೈ ಬಿಟ್ಟು ಬರತೀಯೇನು?"

ನನ್ನ ಗೇಣು ಇಪ್ಪತ್ತೆರಡು.
ಕೂದಲಿನಷ್ಟೂ ಹೆಚ್ಚಿಲ್ಲ.

ನನ್ನ ಕೆಲಸ ಹಲ್ಲು ಬದಲಿ ಮಾಡೂದು.
ಪಾಳಿ ಮುಗಿದ ಮ್ಯಾಲ ಉರುಳಿ ಕೆಳಗ ತೂರಿ
ಸವದದ್ದು ಕಿತ್ತು, ಹೊಸಾದು ಬಡಿಯೂದು.
ಗೋಣಿತಾಟಿನಾಗ ಹಿಡದರೂ ಸುಡತೈತಿ.
ಚಾದಂಗಡ್ಯಾಗ ಹುಡುಗರು
"ಹಲ್ಲಿನ ಡಾಕ್ಟರು ಬಂದರು, ಬಾಯಿ ತಗೀರಿ" ಅಂತಾವ.

ಆ ಮಂಗಳವಾರ ಸುಮ್ಮನ
ಕೊರದ ಅಂಚಿಗೆ ಕೈ ಹಚ್ಚಿ ನೋಡಿದೆ.
ಹೆಬ್ಬಟ್ಟು ನೆಲಕ್ಕ. ಕಿರುಬೆರಳು ಮ್ಯಾಲ, ಅಂಚಿಗೆ ಸರಿಯಾಗಿ ಕೂಡಬೇಕು.
ಕೂಡಲಿಲ್ಲ. ಉಗುರು ದಾಟಿ ಗಾಳ್ಯಾಗ ನಿಂತಿತು.

ಸರ್ವೇ ಸಾಹೇಬರಿಗೆ ಹೇಳಿದೆ. ಪರದಿ ತೋರಿಸಿದರು.
ಇಪ್ಪತ್ತೆರಡು. ಹಸಿರು ಅಕ್ಷರ.
"ಇದು ಸುಳ್ಳು ಹೇಳತೈತೇನು?"

ಸುಳ್ಳಲ್ಲ ಸಾಹೇಬರ, ನಂಬಿಕಿ.
ಪೆಟ್ಟಿಗಿ ಒಡದ ದಿನ ಹಲ್ಲು ಎಷ್ಟು ಉದ್ದ ಇದ್ದವೋ
ಇವತ್ತೂ ಅಷ್ಟಾ ಅದಾವಂತ ತಿಳಕೊಂಡೈತಿ,
ಮುಧೋಳದ ಕಬ್ಬಿನಗಳ ಹಿಡಕೊಂಡು
ವಯಸ್ಸಿನ್ಯಾಗಿನ ಹಲ್ಲಿಲೆ ಕಚ್ಚಾಕ ಹೋದ ಮುದುಕನಂಗ.

ಟೇಪು ಬಂತು. ಇಪ್ಪತ್ತೂವರಿ.
ಅವರು ಮಾತಾಡಲಿಲ್ಲ. ಬೌರವ್ವಗ ಹೊಸಾ ಅಂಕಿ ಕೊಟ್ಟರು.
ಮಷೀನ್ ಒಂದೂವರಿ ಸೆಂಟಿಮೀಟರ್ ಕೆಳಗ ಕುಂತಿತು,
ಸಿಟ್ಟಿಲ್ಲ, ತಕರಾರಿಲ್ಲ.
ಮನಿಷಾ ಆಗಿದ್ದರ ಎರಡು ದಿನ ಮಾತು ಬಿಡತಿದ್ದ.

ಬರೂ ವರ್ಷ ಹಲ್ಲು ಸವದದ್ದನ್ನೂ ತಾನಾ ತಿಳಕೊಳ್ಳೂ
ಸೆನ್ಸರ್ ಬರತೈತಂತ.
ನಲವತ್ತೊಂದನೇ ಹಲ್ಲು ಬದಲಿಸು ಅಂತ
ನನ್ನ ಮೊಬೈಲಿಗೆ ಹೇಳತೈತಂತ.
ಬರಲಿ. ನನಗೂ ಬೆನ್ನು ನೋಯತೈತಿ.

ಐತವಾರ ಯಂಕಪ್ಪನ ಮನೀಗೆ ಹೋದೆ,
ಕಿಸೆದಾಗ ಸವದ ಹಲ್ಲೊಂದು ಹಾಕ್ಕೊಂಡು.
ನಾಕು ಬೆರಳಾಗ ಹೊಳ್ಳಿಸಿ ನೋಡಿದ, ಮೂಸಿ ನೋಡಿದ.
"ಮದ್ದಿನ ವಾಸನಿ ಇಲ್ಲ ನೋಡು" ಅಂದ.
ಆಮ್ಯಾಲ ಅದನ್ನ ಕಿರುಬೆರಳಿನ ಜಾಗಾಕ್ಕ ಒತ್ತಿ ಹಿಡಿದು
ಕಟ್ಟಿ ಮ್ಯಾಲ ಕೈ ಅಗಲ ಮಾಡಿ
ಗೇಣು ಹಾಕಿದ. ಒಂದು, ಎರಡು, ಮೂರು,
ಕಟ್ಟಿ ಮುಗಿಯೂತನಕ.
"ಬರೋಬ್ಬರಿ" ಅಂದ, ನನಗಲ್ಲ, ಕಲ್ಲಿಗೆ.

ಹಲ್ಲು ವಾಪಸ್ ಕೇಳಾಕ ಬಾಯಿ ಬರಲಿಲ್ಲ.
ಸವದದ್ದನ್ನೂ ಸ್ಟೋರಿಗೆ ಲೆಕ್ಕ ಕೊಡಬೇಕು.
ಎಪ್ಪತ್ತೈದು ಅಂತ ಬರದು
ಸಹಿ ಮಾಡೀನಿ.