ಇಪ್ಪತ್ತು ಮಿಲಿ

ಗೌಸ್‌ಪೀರ್ ಎರಡು ಪೆಟ್ರೋಲ್ ಕಾಕ್
ಗೋಣಿತಟ್ಟಿನ ಮೇಲೆ ಪಕ್ಕಪಕ್ಕ ಇಟ್ಟ.
ಒಂದು ಹೊಸದು, ದಿಲ್ಲಿ ಮಾಲು,
ಮದುವೆಮನೆ ಲೋಟದಂತೆ ಥಳಥಳ.
ಇನ್ನೊಂದು ಗುಜರಿಯದು, ಕಂದು,
ಯಾವುದೋ ಸತ್ತ ಯೆಜ್ಡಿಯ ಹೊಟ್ಟೆಯಿಂದ ಬಿಚ್ಚಿದ್ದು.
"ಯಾವ್ದು ಹಾಕ್ಲಿ ಸರ?"

ಮೂವತ್ತೊಂದು ವರ್ಷ ತೂಕ-ಅಳತೆ ಇಲಾಖೆಯವನು ನಾನು,
ಮಂಡಿಪೇಟೆಯ ಬಟ್ಟುಗಳಿಗೆ ಮುದ್ರೆ ಒತ್ತಿದವನು.
ಕಣ್ಣು ಮುಚ್ಚಿ ಅಂಗೈಗೊಂದು ಇಟ್ಟುಕೊಂಡೆ.
ಹೊಸದು ಬರೀ ಮಾತು.
ಹಳೆಯದು ಹಿತ್ತಾಳೆ.

"ಒಳಗಿನ ಕಾರ್ಕು ಹೋಗೈತ್ರಿ.
ರಬ್ಬರು ಬ್ಯಾಡ, ಈಗಿನ ಪೆಟ್ರೋಲಿಗೆ
ಕಬ್ಬಿನ ಸ್ಪಿರಿಟ್ಟು ಬೆರಸ್ತಾರ,
ಉಬ್ಬಿ ಹಲ್ವಾ ಆಗತೈತಿ."
ಡಬ್ಬಿ ತಡಕಾಡಿ ತೆಗೆದ: ಪುಕ್ಕ ಉದುರಿದ ಶಟಲ್ ಕಾಕು,
ಆಫೀಸರ್ಸ್ ಕ್ಲಬ್ಬಿನ ಗೋಡೆಯಾಚೆ ಬಿದ್ದದ್ದು.
ಯಾವ ಸಾಹೇಬರ ಸ್ಮ್ಯಾಶೋ.
ಬುಡವನ್ನು ಬ್ಲೇಡಿನಿಂದ ಬಿಲ್ಲೆ ಮಾಡಿದ,
ಸೈಕಲ್ ಕಡ್ಡಿ ಕಾಸಿ ತೂತು ಹಾಕಿದ,
ಟೀ ಲೋಟದ ಬಿಸಿನೀರಲ್ಲಿ ಮುಳುಗಿಸಿಟ್ಟ.
"ರಾತ್ರಿಯೆಲ್ಲ ನೆನೀಲಿ.
ಒಣಗಿದ್ರ ಸೋರತೈತಿ, ನೆಂದ್ರ ಹಿಡೀತೈತಿ,
ಉಲ್ಟಾ ಸಾಮಾನು ಇದು."

ಜಾಲರಿ ಉಜ್ಜುವ ಕೆಲಸ ನನಗೆ ಕೊಟ್ಟ.
ಟ್ಯಾಂಕಿನ ತುಕ್ಕು, ಒಂದು ಇರುವೆ,
ಎಲ್ಲಿಂದಲೋ ಒಂದು ಬತ್ತದ ಹೊಟ್ಟು:
ಪಕ್ಕದ ಮಂಡಕ್ಕಿ ಭಟ್ಟಿಯ ಗಾಳಿ
ಮುಚ್ಚಳ ತೆರೆದ ಟ್ಯಾಂಕನ್ನೂ ಬಿಡುವುದಿಲ್ಲ.
ಎರಡು ನಳಿಗೆ, ಒಂದು ಗಿಡ್ಡ, ಒಂದು ಎತ್ತರ.
ಎತ್ತರದ್ದು ಗುಟುಕು ನಿಲ್ಲಿಸಿದಾಗ
ಗಿಡ್ಡದ್ದಕ್ಕೆ ತಿರುಗಿಸಬೇಕು. ಅದೇ ರಿಸರ್ವು.
ತುಂಬಿಸಿದ ಮೇಲೆ ವಾಪಸ್ ತಿರುಗಿಸಬೇಕು.
ಇದನ್ನು ನನಗೆ ಕಲಿಸಿದವಳು ಆನಗೋಡಿನ ಹಾಲಮ್ಮ.

ಎಂಬತ್ತೇಳರ ಮಾರ್ಚಿ. ಬೆಳಿಗ್ಗೆ
ಅವಳ ಎಣ್ಣೆ ಅಂಗಡಿಯ ಅರ್ಧ ಲೀಟರಿನ ಮಾಪು
ತಳ ಜಜ್ಜಿಹೋಗಿ ನಾನೂರ ಎಂಬತ್ತಕ್ಕೆ ನಿಂತಿತ್ತು.
ಅಲ್ಲೇ ಸುತ್ತಿಗೆಯಿಂದ ಬಡಿಯಬೇಕಿತ್ತು.
ಅವಳು ಏನೂ ಅನ್ನಲಿಲ್ಲ, ಕೂರಲು ಸ್ಟೂಲು ಕೊಟ್ಟಳು.
ನಾಳೆಯೊಳಗೆ ಬದಲಾಯಿಸಿ ಎಂದು ಎದ್ದು ಬಂದೆ.

ಸಂಜೆ ಊರು ದಾಟುವ ಮೊದಲೇ ಗಾಡಿ ಕೆಮ್ಮಿತು.
ಬಗ್ಗಿ ತಿರುಗಿಸಲು ಹೋದರೆ
ಕಾಕು ಆಗಲೇ ರಿಸರ್ವಿನಲ್ಲಿತ್ತು, ಸೋಮವಾರದಿಂದ.
ಉಳಿದಿದೆ ಅಂದುಕೊಂಡದ್ದನ್ನು
ಮೂರು ದಿನದಿಂದ ಕುಡಿಯುತ್ತಿದ್ದೆ.

ತಳ್ಳಿಕೊಂಡು ಅವಳ ಅಂಗಡಿಗೇ ಹೋದೆ.
ಮಗನ ಮೊಪೆಡ್ಡಿಗೆ ಪೈಪು ಇಳಿಸಿ, ಎಳೆದು, ಉಗಿದು,
ಅದೇ ಮಾಪಿಗೆ ಹಿಡಿದಳು,
ಅದರಲ್ಲಿನ್ನೂ ಶೇಂಗಾ ಎಣ್ಣೆಯ ಜಿಡ್ಡು.
"ನೋಡ್ಕಳ್ರಿ ಸಾಹೇಬ್ರ, ಅರ್ಧ ಲೀಟರು."
ಪೂರ್ತಿ ಅರ್ಧ ಲೀಟರಿನ ದುಡ್ಡು ಎಣಿಸಿಕೊಂಡಳು.
ನಾನೂ ಪೂರ್ತಿ ಕೊಟ್ಟೆ.

ಹೈವೇ ಉದ್ದಕ್ಕೂ ಸೈಲೆನ್ಸರಿನಿಂದ
ಮೆಣಸಿನಕಾಯಿ ಬಜ್ಜಿಯ ವಾಸನೆ.
ಅರುಣಾ ಟಾಕೀಸ್ ದಾಟಿದ ಮೇಲೆ ಮತ್ತೆ ಕೆಮ್ಮು, ಮೌನ.
ಮನೆಗೆ ಇನ್ನು ಆರುನೂರು ಮೀಟರು.
ನನ್ನ ಗಾಡಿ ಲೀಟರಿಗೆ ಮೂವತ್ತು ಕೊಡುತ್ತಿತ್ತು.
ಇಪ್ಪತ್ತು ಮಿಲಿಗೆ ಎಷ್ಟು, ಹಾಕಿ ನೋಡಿ.
ಸೆಕೆಂಡ್ ಶೋ ಜನ ನೋಡುತ್ತ ನಿಂತಿದ್ದರು,
ನಾನು ಲೆಕ್ಕ ಮಾಡುತ್ತ ತಳ್ಳಿದೆ.

ಮರುದಿನ ಮಾಪು ಜಪ್ತಿ ಮಾಡಿದೆ. ರಸೀದಿ ಬರೆಯಲಿಲ್ಲ.
ಈಗದು ನನ್ನ ಮನೆಯಲ್ಲಿದೆ,
ಎರಡು ವಾರಕ್ಕೊಮ್ಮೆ ಬೌಲು ಬಿಚ್ಚಿ ಅದಕ್ಕೇ ಬಸಿಯುತ್ತೇನೆ.

ಕಾರ್ಕು ಕೂತಿತು. ಫೈಬರ್ ವಾಷರು ಹೊಸದು.
ಟ್ಯಾಂಕಿನ ಕೆಳಗೆ ಹಳೇ ಪೇಪರು ಹಾಸಿ
ಇಬ್ಬರೂ ಎರಡು ಟೀ ಹೊತ್ತು ಕಾದೆವು.
ಪೇಪರು ಒಣಗಿಯೇ ಇತ್ತು.
"ನಿಲ್ಲಿಸಿದಾಗ ಬಂದ್ ಮಾಡ್ರಿ ಸರ,
ಮರೆತ್ರ ರಾತ್ರಿಯೆಲ್ಲ ಇಳಿದು ಇಂಜಿನ್ನು ಮುಳುಗತೈತಿ."

ಮರೆಯುವುದಿಲ್ಲ.
ಹಿಟ್ಟಿನ ಗಿರಣಿಯ ತಿರುವಿನಲ್ಲೇ
ಎಡಗೈ ತಾನಾಗಿ ಕೆಳಗಿಳಿದು ಬಂದ್ ಮಾಡುತ್ತದೆ.
ಬೌಲಿನಲ್ಲಿ ಉಳಿದದ್ದೇ
ಗಾಡಿಯನ್ನು ಮನೆಬಾಗಿಲಿಗೆ ತಂದು,
ಒಮ್ಮೆ ನಡುಗಿ, ನಿಲ್ಲುತ್ತದೆ.
ಎಷ್ಟಿರುತ್ತದೆ ಎಂದು ಅಳೆದು ನೋಡಿದವನಲ್ಲ.