ಬೆನ್ನಿನ ಹೆಸರು

ಆಯ್ಕೆ ಸಮಿತಿಯ ಸಭೆ ಶನಿವಾರ ಸಂಜೆ.
ಪಟ್ಟಿ ನನ್ನ ಅಂಗಡಿಗೆ ಬಂದದ್ದು ಗುರುವಾರ.
ನಾನು ಕೇಳಲಿಲ್ಲ. ಕಿನ್ನಿಮುಲ್ಕಿಯಲ್ಲಿ
ಇಪ್ಪತ್ತೆರಡು ವರ್ಷದಿಂದ ಜೆರ್ಸಿಗೆ ಹೆಸರು ಅಂಟಿಸುವವನು
ಕಾಗುಣಿತ ಮಾತ್ರ ಕೇಳಬೇಕು:
ತಿಂಗಳಾಯಕ್ಕೆ ದೀರ್ಘ ಎಲ್ಲಿ, ಕ್ರಾಸ್ತಾಕ್ಕೆ ಒತ್ತು ಯಾವುದು.

'ತೀರ ತಾರೆಯರು', ಹನ್ನೊಂದು ಮಂದಿ.
ಮಲ್ಪೆಯಿಂದ ಹೆಜಮಾಡಿವರೆಗಿನ ಅಂಡರ್‌ಆರ್ಮ್ ಲೀಗಿನ
ಕೆನೆ, ಅಂತ ಬ್ಯಾನರಿನಲ್ಲಿ ಉಂಟು.
ಕೆನೆ ಹೌದು. ಹಾಲು ಯಾರ ಪಾತ್ರೆಯದ್ದು ಅಂತ ಬರೆದಿಲ್ಲ.

ಮೊದಲ ಹೆಸರು ಪ್ರಥ್ವಿನ್ ತಿಂಗಳಾಯ.
ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ದೀಪಾವಳಿಯಿಂದ ಕುರ್ಚಿಯಲ್ಲಿದ್ದಾನೆ.
ಆದರೆ ಕರಾವಳಿ ಬೈಪಾಸಿನ ಫ್ಲೆಕ್ಸಿನಲ್ಲಿ
ಅವನ ಬ್ಯಾಟು ಆಗಲೇ ಎತ್ತಿ ಆಗಿದೆ,
ಇಳಿಸಲು ಖರ್ಚು ಉಂಟಲ್ಲ ಮಾರಾಯ್ರೆ.

ಎರಡನೆಯದು ಜನಮತ. ಟಿಕೆಟಿನ ತುದಿ ಹರಿದು
ಹೆಸರು ಬರೆದು ಡಬ್ಬಿಗೆ ಹಾಕಬೇಕು.
ಹುಡುಗನ ಮಾವ ಎಂಟುನೂರು ಟಿಕೆಟು ಒಟ್ಟಿಗೆ ಕೊಂಡರು,
ಪಂದ್ಯಕ್ಕೆ ಒಬ್ಬರೂ ಬರಲಿಲ್ಲ.
ಖಾಲಿ ಕುರ್ಚಿಗಳು ಒಮ್ಮತದಿಂದ ಆರಿಸಿದ ಆಟಗಾರ.
ಒಳ್ಳೆಯ ಹುಡುಗ, ಸುಳ್ಳು ಹೇಳಬಾರದು.
ಕಂಡಾಗೆಲ್ಲ ನಮಸ್ಕಾರ ಹೇಳುತ್ತಾನೆ.

ಮತ್ತೆ, ತಂಡಕ್ಕೊಬ್ಬ ಬೇಕೇ ಬೇಕು ಎನ್ನುವ ನಿಯಮ.
ಹದಿನಾಲ್ಕು ಪಂದ್ಯ ಸೋತ ಕೋಡಿಬೆಂಗ್ರೆಯಿಂದ
ನೌಷೀರನನ್ನು ಹಾಕಿದರು. ಅಳತೆ ಕೊಡಲು ಬಂದವನು
ಬಾಗಿಲಲ್ಲೇ ನಿಂತು
"ಹೆಸರು ಸ್ವಲ್ಪ ಸಣ್ಣ ಅಕ್ಷರದಲ್ಲಿ ಆಗಬಹುದಾ ಅಣ್ಣ?" ಅಂದ.

ಲೆಕ್ಕದ ಪುಸ್ತಕವೂ ಉಂಟು, ಇಲ್ಲವೆನ್ನುವುದಿಲ್ಲ.
ರನ್ನಿಗೆ ಕಾಲಂ, ವಿಕೆಟಿಗೆ ಕಾಲಂ, ಸಿಕ್ಸರಿಗೆ ಕೆಂಪು ಶಾಯಿ.
ಪುಸ್ತಕ ಮುಚ್ಚುವುದು ಡಿಸೆಂಬರಿಗೆ, ಆಟ ಮೇ ತನಕ.
ಅರ್ಧ ಬೆಂದ ಕುಚ್ಚಲಕ್ಕಿ ಜಗಿದು
ಊಟ ಹೇಗಿತ್ತು ಅಂತ ಹೇಳಿದ ಹಾಗೆ.

ದಾಮೋದರ ಕಾಂಚನ್ ಎಂಬವನಿಗೆ ಅದರಲ್ಲಿ ಕಾಲಂ ಇಲ್ಲ.
ದೋಣಿಯವ. ಆಳಸಮುದ್ರಕ್ಕೆ ಹೋದರೆ ಹತ್ತು ದಿನ ಬರುವುದಿಲ್ಲ.
ಪುಸ್ತಕದಲ್ಲಿ 'ಗೈರು' ಅಂತ ಉಂಟು,
'ಬಂಗುಡೆ' ಅಂತ ಇಲ್ಲ.
ಬಂದ ದಿನ ಕವರಿನಲ್ಲಿ ನಿಲ್ಲುತ್ತಾನೆ.
ಬೌಲರು ಚೆಂಡು ಬಿಡುವ ಮೊದಲೇ
ಗಾಳಿ ಯಾವ ಕಡೆ ಎಂದು ನೋಡಿ
ಎಡಕ್ಕೆ ಎರಡು ಹೆಜ್ಜೆ.
ಅಷ್ಟೆ. ಚೆಂಡು ಅವನ ಕೈಗೆ ನಡೆದುಕೊಂಡು ಬರುತ್ತದೆ.
ಹಾರುವುದಿಲ್ಲ, ಮೈಗೆ ಮಣ್ಣಿಲ್ಲ, ಬೊಬ್ಬೆ ಇಲ್ಲ.
ತಡವಾಗಿ ಹೊರಟವನು ಹಾರಿ ಹಿಡಿದರೆ ಫೋಟೊ ಬರುತ್ತದೆ.
ಕೊನೆಗೆ ಬ್ಯಾಟು ಹಿಡಿದವರು ಆ ಕಡೆ ಹೊಡೆಯುವುದನ್ನೇ ಬಿಟ್ಟರು.
ಹೊಡೆಯದೆ ಉಳಿದ ಹೊಡೆತವನ್ನು
ಯಾವ ಶಾಯಿಯಲ್ಲಿ ಬರೆಯುವುದು?

ನಾನೇನು ಸಾಚಾ ಅಲ್ಲ.
ನನ್ನನ್ನು ಕೇಳಿದ್ದರೆ ಅಕ್ಕನ ಮಗನ ಹೆಸರೇ
ಮೊದಲು ಬಾಯಿಗೆ ಬರುತ್ತಿತ್ತು.
ಅವನು ಬಿಟ್ಟ ಎರಡು ಕ್ಯಾಚು
ನನ್ನ ಮಟ್ಟಿಗೆ ಇವತ್ತಿಗೂ ಬಿಸಿಲಿನ ತಪ್ಪು.

ಶುಕ್ರವಾರ ಜೆರ್ಸಿ ಒಯ್ಯಲು ದಾಮೋದರನನ್ನೇ ಕಳಿಸಿದ್ದರು,
ಬೈಕು ಇರುವವನು ಅಂತ.
ಮೈಯಲ್ಲಿ ಮಂಜುಗಡ್ಡೆಯ, ಡೀಸೆಲಿನ ವಾಸನೆ.
"ತಿಂಗಳಾಯನದ್ದೂ ನಿನ್ನದೇ ಮೈಕಟ್ಟು,
ಅಳತೆಗೆ ಒಮ್ಮೆ ಹಾಕಿ ನೋಡು" ಅಂದೆ.
ಹಾಕಿದ. ಭುಜ ಸರಿ, ತೋಳು ಸರಿ.
ಅಂಗಡಿಯಲ್ಲಿ ಇರುವುದು ಒಂದೇ ಕನ್ನಡಿ,
ಎದುರು ನಿಂತರೆ ಬೆನ್ನು ಕಾಣುವುದಿಲ್ಲ.
ಸ್ವಲ್ಪ ಹೊತ್ತು ಹಾಗೇ ನಿಂತ. ಮತ್ತೆ
ಫ್ಯಾನು ಕೂಡ ತಿರುಗದ ಕೋಣೆಯಲ್ಲಿ
ಯಾವ ಗಾಳಿ ನೋಡಿದನೋ,
ಎಡಕ್ಕೆ ಎರಡು ಹೆಜ್ಜೆ ಸರಿದ.
ಅಲ್ಲಿ ಕಪಾಟು. ಮೊಣಕೈ ತಾಗಿತು, ನಕ್ಕ.

ಬಿಚ್ಚಿ ಮಡಚಿದ, ಹೆಸರು ಒಳಗೆ ಬರುವ ಹಾಗೆ.
"ರಶೀದಿ ಕೊಡಿ, ನಾಳೆ ಸಭೆಯಲ್ಲಿ ಕೇಳುತ್ತಾರೆ."
ಕೊಟ್ಟೆ. 'ಪಡೆದವರು' ಎನ್ನುವಲ್ಲಿ
ದಾಮೋದರ ಕಾಂಚನ್ ಅಂತ ಬರೆದೆ,
ಕಾಗುಣಿತ ಕೇಳದೆ.