ಎಡಗಡೆ ಕೆಳಮೂಲೆ

ಪಿಳ್ಳಪ್ಪನವರು ತಂದ ಫೋಟೊದಲ್ಲಿ
ಹನ್ನೊಂದು ಜನ, ಒಂದು ನಾಯಿ, ಹಿಂದೆ ಒಂದು ಬಾವುಟ.
ಎಲ್ಲ ಕಪ್ಪು ಬಿಳುಪು. ಹಿಮವೂ ಬಿಳಿ, ಹಲ್ಲೂ ಬಿಳಿ.
‘ಇದನ್ನೇ ಹೊಲಿದುಕೊಡಮ್ಮ ಮುಬೀನಾ,’ ಅಂದರು,
‘ಕಂಪನಿ ಈಗಿಲ್ಲ. ಬಾವುಟ ಎಲ್ಲಿ ಹೋಯಿತೋ.
ದಿಬ್ಬೂರಹಳ್ಳಿಯಲ್ಲಿ ನಮ್ಮ ಸುಬೇದಾರ್ ದ್ಯಾವಪ್ಪ ಮಲಗಿದ್ದಾನೆ,
ಅವನ ಮಂಚದ ಎದುರು ಗೋಡೆಗೆ.’

ನಾನು ಹೊಲಿಯುವುದು ಶಾಲೆಗಳ ಸ್ಪೋರ್ಟ್ಸ್ ಡೇ ಬಾವುಟ,
ಮದುವಣಗಿತ್ತಿಯರ ರವಿಕೆಗೆ ಜರಿ ನವಿಲು,
ಶಾಮಿಯಾನದ ಝಾಲರು.
ಯುದ್ಧದ ಬಟ್ಟೆ ನನ್ನ ಮಿಷನ್ನಿನ ಕೆಳಗೆ ಹೋದದ್ದಿಲ್ಲ.

ಯಾವ ಕೆಂಪು? ಕೇಳಿದೆ.
ಕುಂಕುಮದ್ದಲ್ಲ, ಇಟ್ಟಿಗೆಯದ್ದೂ ಅಲ್ಲ.
‘ಬೀಟ್‌ರೂಟ್ ಬೇಯಿಸಿದ ನೀರು
ರಾತ್ರಿಯೆಲ್ಲ ಪಾತ್ರೆಯಲ್ಲೇ ಉಳಿದರೆ ಬೆಳಿಗ್ಗೆ ಇರುತ್ತಲ್ಲ, ಅದು.’
ಹಳದಿ?
‘ಬೇಳೆಗೆ ಅರಿಶಿನ ಒಂದು ಚಿಟಿಕೆ ಜಾಸ್ತಿ ಬಿದ್ದಾಗ
ಬೈಸಿಕೊಳ್ಳುವ ಹಳದಿ.’

ನಡುವೆ ತೂಗುಸೇತುವೆ, ಅದರ ಕೆಳಗೆ ಮೀನು.
ಫೋಟೊದ ಗಾಳಿ ಮೀನಿನ ಬಾಲ ಮಡಚಿಬಿಟ್ಟಿದೆ.
ಬಾಲ ಹೇಗಿತ್ತು ಅಂದರೆ ಅವರಿಗೂ ನೆನಪಿಲ್ಲ.
‘ನಾವು ಕಟ್ಟಿದ ಸೇತುವೆಗಳ ಕೆಳಗೆ ಮೀನು ಕಂಡವರು ಯಾರಮ್ಮ?
ನೀರೇ ಮೊಸರಿನ ಹಾಗೆ ಹೆಪ್ಪುಗಟ್ಟಿತ್ತು.’
ಸಂತೆಯ ಮೀನು ನೋಡಿ ಬಾಲ ಹಾಕಿದೆ.
ಅದು ಜಿಲೇಬಿ ಮೀನು; ಸೈನ್ಯಕ್ಕೆ ತಿಳಿಯದಿರಲಿ.

ನಮ್ಮ ಮನೆಯವರು ನೂಲು ಬಿಚ್ಚುವವರು. ಮನೆ ತುಂಬ
ಬೆಂದ ಗೂಡಿನ ವಾಸನೆ, ಬೆರಳ ಸಂದಿಯಲ್ಲೂ ಎಳೆ.
ಶಿಡ್ಲಘಟ್ಟದಲ್ಲಿ ಕೂತು ರೇಷ್ಮೆ ಬೇಡ ಅನ್ನುವುದೆ?
ಬೇಡ ಅಂದರು. ಜಾಳು ಬಟ್ಟೆ ಬೇಕು, ಒರಟು.
ಅಂಗಡಿಯ ಥಾನುಗಳನ್ನು ಒಂದೊಂದೇ ಎಳೆದು
ಬಾಯಿಗೆ ಹಿಡಿದು ಊದಿ ನೋಡಿದರು.
ಉಸಿರು ಆಚೆ ಹೋದದ್ದನ್ನು ಆರಿಸಿದರು.

ಒಂಬತ್ತು ದಿನ, ಕರೆಂಟು ಹೋದ ಎರಡು ದಿನ ಬಿಟ್ಟು.
ಬಿಚ್ಚಿ ಹಾಸಿದೆ. ಕೈಕಟ್ಟಿ ನಿಂತರು, ಬಹಳ ಹೊತ್ತು.
‘ಎಡಗಡೆ ಕೆಳಮೂಲೆ ಇರಬಾರದು.’

ಫೋಟೊದಲ್ಲಿ ಆ ಜಾಗ ನಾಯಿಯ ಕಿವಿಯ ಹಿಂದಿತ್ತು.
‘ಷೆಲ್ ಬಿದ್ದು ಹಾರಿಹೋಯಿತು ಅಂತ
ದ್ಯಾವಪ್ಪ ಐವತ್ತು ವರ್ಷದಿಂದ ಹೇಳುತ್ತಾನೆ.
ಮೊಮ್ಮಗಳ ಶಾಲೆಯಲ್ಲೂ ಹೇಳಿದ, ಚಪ್ಪಾಳೆ ಬಿತ್ತು.’

ಸರಿ, ಸುಟ್ಟ ಹಾಗೆ ಮಾಡಲೆ? ಊದುಬತ್ತಿಯಲ್ಲಿ
ಅಂಚು ಕರಕಾಗಿಸಬಹುದು. ಎಳೆ ಬಿಡಿಸಿ ಹರಿಯಬಹುದು.
ಹೇಳಿ, ಹೇಗೆ ಹೋಗಿತ್ತು ಅದು?

ಅವರು ಕುರ್ಚಿಯ ಮೇಲೆ ಕೂತರು.
ಬೀದಿಯಲ್ಲಿ ಗೂಡಿನ ಗಾಡಿ ದಾಟುವ ತನಕ ಕಾದರು.

‘ನಾನು ಬಂದೂಕಿನವನಲ್ಲಮ್ಮ. ಲಾಂಗ್ರಿ. ಅಡುಗೆಯವನು.
ಸೋಸುವ ಜಾಲರಿ ಕಮರಿಗೆ ಬಿದ್ದಿತ್ತು.
ಮೂರು ರಾತ್ರಿ ನಿದ್ದೆಯಿಲ್ಲದವರು ಕೈ ಸೆಟೆದು ಕೂತಿದ್ದರು.
ಹುಡಿ ಹಲ್ಲಿಗೆ ಸಿಕ್ಕರೆ ದ್ಯಾವಪ್ಪ ಲೋಟ ಎಸೆಯುತ್ತಿದ್ದ.
ಚಹಾ ಕುದಿಯುತ್ತಿತ್ತು.
ಈರುಳ್ಳಿ ಚಾಕು. ಒಂದೇ ಎಳೆತ.’

ನಾನು ಕತ್ತರಿ ಎತ್ತಿದೆ, ಇಟ್ಟೆ.
ಅಡುಗೆಮನೆಯಿಂದ ಚಾಕು ತಂದು
ಅವರ ಕೈಗೆ ಕೊಟ್ಟೆ.
ಕೈ ನಡುಗುತ್ತಿತ್ತು. ಗೆರೆ ಮಾತ್ರ ನೇರ ಬಂತು.

ಮುಂದಿನ ಬುಧವಾರ ಬಾಕಿ ಇನ್ನೂರು ಕೊಡಲು ಬಂದರು.
ಏನಂದರು ಸುಬೇದಾರರು?
‘ಏನೂ ಅನ್ನಲಿಲ್ಲ. ಅಂಚನ್ನು ಬೆರಳಲ್ಲಿ ಸವರಿದ,
ಈ ತುದಿಯಿಂದ ಆ ತುದಿಗೆ.
ಆಮೇಲೆ, ಸಕ್ಕರೆ ಕಡಿಮೆ ಇತ್ತು ಕಣೋ ಅವತ್ತು, ಅಂದ.’

ತುಂಡು ನನ್ನ ಮಿಷನ್ನಿನ ಡ್ರಾಯರಿನಲ್ಲಿದೆ,
ಗುಂಡಿ, ಬಾಬಿನ್‌ಗಳ ಜೊತೆ.
ಕರ್ಚೀಫಿಗೆ ಚಿಕ್ಕದು, ತೇಪೆಗೆ ದೊಡ್ಡದು.
ಒಂದು ಲೋಟಕ್ಕೆ ಸರಿಹೋಗುತ್ತದೆ.